ಡಿಸ್ನಿಲ್ಯಾಂಡ್‌ನ ಕ್ರಿಸ್‌ಮಸ್, ನಮ್ಮ ಮನೆಯ ಮರ
ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ನವೆಂಬರ್ ಮಧ್ಯದಲ್ಲೇ ಕ್ರಿಸ್‌ಮಸ್ ಶುರು. ಡಿಸೆಂಬರ್ ಕೊನೆಯ ವಾರಕ್ಕೆ ಕಾಯಬೇಡಿ, ಆಗ ಜನ ತುಂಬಾ ಜಾಸ್ತಿ. ನಾವು ಡಿಸೆಂಬರ್ ಮೊದಲ ವಾರ, ಮಂಗಳವಾರವೋ ಬುಧವಾರವೋ ನೋಡಿಕೊಂಡು ಹೋಗುತ್ತೇವೆ.

ಗೇಟು ತೆರೆಯುವ ಮೊದಲೇ ಸಾಲಿನಲ್ಲಿ ನಿಲ್ಲಿ. ಒಳಗೆ ಹೋದ ಕೂಡಲೇ ಸಿಗುವ ಬೀದಿಯಾದ ಮೇನ್ ಸ್ಟ್ರೀಟ್‌ನ 60 ಅಡಿ ಮರದ ಮುಂದೆ ಬೆಳಿಗ್ಗೆಯೇ ಫೋಟೊ ತೆಗೆಸಿಕೊಳ್ಳಿ. ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ದೋಣಿ ಸವಾರಿಯನ್ನು ಮಾತ್ರ ಕತ್ತಲಾದ ಮೇಲೆ ಇಟ್ಟುಕೊಳ್ಳಿ. ಅದರ ಹಬ್ಬದ ಅಲಂಕಾರ 1997ರಲ್ಲಿ ಶುರುವಾಯಿತು. ಹೊರಗೋಡೆಯ ತುಂಬ ಬಣ್ಣದ ದೀಪ ಹತ್ತಿದಾಗ ನಮ್ಮಮ್ಮ ಮಾತಿಲ್ಲದೆ ನಿಂತುಬಿಟ್ಟರು. ರಾತ್ರಿ ಚಳಿ ಇರುತ್ತದೆ, ಸ್ವೆಟರ್ ಮರೆಯಬೇಡಿ.

ಮನೆಗೆ ನಿಜವಾದ ಮರ ತಂದರೆ ಬುಡವನ್ನು ಒಂದಿಂಚು ಹೊಸದಾಗಿ ಕತ್ತರಿಸಿ, ತಕ್ಷಣ ನೀರಿನಲ್ಲಿ ನಿಲ್ಲಿಸಿ. ತಡವಾದರೆ ಅಂಟು ಕಟ್ಟಿ ನೀರು ಸರಿಯಾಗಿ ಏರುವುದಿಲ್ಲ. ದಿನಾ ನೀರು ನೋಡಿ. ಹೀಟರ್‌ನಿಂದ ದೂರ ಇಡಿ. ಮೊದಲು ದೀಪದ ಸರವನ್ನು ಕೊಂಬೆಗಳ ಒಳಗಿನಿಂದ ಸುತ್ತಿ, ಆಮೇಲೆ ಬೊಂಬೆ ಕಟ್ಟಿ. ನಾನು ದಸರೆಗೆ ಕೂರಿಸಿದ ಚನ್ನಪಟ್ಟಣದ ಪುಟ್ಟ ಬೊಂಬೆಗಳನ್ನೇ ದಾರದಲ್ಲಿ ತೂಗುಹಾಕುತ್ತೇನೆ. ಅರಗಿನ ಆ ಕೆಂಪು, ಹಳದಿ ಬಣ್ಣ ಹಸಿರು ಮರಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಗೊತ್ತಾ!