ಮಾಲು ಪಾರ್ಟಿಯದ್ದು, ಲೈನು ನಮ್ಮದು: ಜಾಬ್ ವರ್ಕ್ ಪ್ಯಾಕಿಂಗ್ ಮಾಡುವವರಿಗೆ

"ಮಾಲು ನಮ್ಮದು, ನೀವು ಸುಮ್ನೆ ತುಂಬಿಕೊಡಿ." ತಮ್ಮ ತಿನ್ನುವ ಮಾಲನ್ನು ಪ್ಯಾಕ್ ಮಾಡಿಸಲು ಕೊಡುವ ಪಾರ್ಟಿಯವರು, ಅಂದರೆ ಗಿರಾಕಿಗಳು, ಮೊದಲು ಹೇಳುವ ಮಾತೇ ಇದು. ಆದರೆ ಒಮ್ಮೆ ಅದು ಮಶೀನಿಗೆ ಮಾಲು ಸುರಿಯುವ ನಿಮ್ಮ ಹಾಪರ್‌ಗೆ ಬಿದ್ದರೆ ಅದರಲ್ಲಿರುವ ತೊಂದರೆ ಮುಂದಿನ ಪಾರ್ಟಿಯ ಪ್ಯಾಕೆಟ್ಟಿಗೂ ಹೋಗಬಹುದು, ಅಲ್ವಾ?

ಅದಕ್ಕೇ ಲಾರಿ ಹೊರಡುವ ಮೊದಲೇ ಕಾಗದ ತರಿಸಿಕೊಳ್ಳಿ. ಸ್ಪೆಸಿಫಿಕೇಶನ್, ಮಾಲು ತಯಾರಿಸಿದವರ ಹೆಸರು, ಆಯಾ ಲಾಟಿನ (ಒಂದೇ ಸಲ ತಯಾರಾದ ಮಾಲಿನ) ಟೆಸ್ಟ್ ರಿಪೋರ್ಟ್. ಅಲರ್ಜನ್ (ಕೆಲವರಿಗೆ ಅಲರ್ಜಿ ತರುವ ಪದಾರ್ಥ) ಬಗ್ಗೆ "ಇದರಲ್ಲಿ ಶೇಂಗಾ ಇದೆಯಾ" ಅಂತ ಕೇಳಿದರೆ ಸಾಲದು, ಅದೇ ಮಶೀನಿನಲ್ಲಿ ಹಾಲಿನ ಪುಡಿ, ಸೋಯಾ, ಎಳ್ಳು ಓಡಿಸುತ್ತಾರಾ ಅಂತಲೂ ಕೇಳಿ.

ಮಾಲು ಬಂದಾಗ ರಿಪೋರ್ಟ್ ಕೈಯಲ್ಲಿ ಹಿಡಿದು ಚೀಲದ ಲಾಟ್ ನಂಬರ್ ಓದಿ. ನಮ್ಮಲ್ಲಿ ಒಮ್ಮೆ 40 ಚೀಲ ಬಂತು, ಅದರಲ್ಲಿ 6ರ ನಂಬರ್ ಬೇರೆ. ಹತ್ತಿರ ಹೋಗಿ ನೋಡಿದರೆ ಬಾಯಿಯ ಹತ್ತಿರ ಹಳೇ ಸೂಜಿ ತೂತುಗಳು, ಪಕ್ಕದಲ್ಲೇ ಹೊಸ ದಾರದ ಹೊಲಿಗೆ. ಯಾರೋ ಬಿಚ್ಚಿ ಮತ್ತೆ ತುಂಬಿದ್ದರು. ಇಂಥವನ್ನು ಹೋಲ್ಡ್ ಚೀಟಿ ಅಂಟಿಸಿ ಬೇರೆ ಜಾಗದಲ್ಲಿಡಿ. ಪಾರ್ಟಿಯಿಂದ ಎಷ್ಟೇ ಫೋನ್ ಬರಲಿ, ಕ್ವಾಲಿಟಿಯವರು ಬಿಡುವ ತನಕ ಲೈನಿಗೆ ಹಾಕಬೇಡಿ.

ಜಾಸ್ತಿ ಹೆದರಬೇಕಾದ್ದು ಒಣ ಪುಡಿಗೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಒಣಗಿದ ಮಾಲಿನಲ್ಲಿ ಬೆಳೆಯುವುದಿಲ್ಲ, ಆದರೆ ತಿಂಗಳುಗಟ್ಟಲೆ ಬದುಕಿರುತ್ತದೆ. ಬರೀ ತುಂಬಿ ಸೀಲ್ ಮಾಡುವ ನಮ್ಮಲ್ಲಿ ಅದನ್ನು ಕೊಲ್ಲುವ ಬಿಸಿಯೇ ಇಲ್ಲ, ಹಾಗಾಗಿ ಆ ಕೆಲಸ ಎಲ್ಲಿ ಆಗಿದೆ, ದಾಖಲೆ ಎಲ್ಲಿದೆ ಅಂತ ಪಾರ್ಟಿಯವರೇ ತೋರಿಸಬೇಕು. ಮೆಟಲ್ ಡಿಟೆಕ್ಟರ್ ನಂಬಿ ಕೂರಬೇಡಿ, ಅದಕ್ಕೆ ದಾರ, ಪ್ಲಾಸ್ಟಿಕ್ ಚೂರು ಕಾಣುವುದಿಲ್ಲ. ಜರಡಿ ಹಿಡಿಯಿರಿ, ಜರಡಿ ಹರಿದಿಲ್ಲ ಅಂತಲೂ ನೋಡಿ. ಶೇಂಗಾದಂಥ ಮಾಲಿನಲ್ಲಿ ಅಫ್ಲಾಟಾಕ್ಸಿನ್ (ಬೂಷ್ಟಿನಿಂದ ಬರುವ ವಿಷ) ಅಲ್ಲೊಂದು ಇಲ್ಲೊಂದು ಕಡೆ ಗುಡ್ಡೆಯಾಗಿರುತ್ತದೆ, ಮೇಲಿನ ಒಂದೇ ಚೀಲದ ಸ್ಯಾಂಪಲ್ಲಿಗೆ ಸಿಗದೇ ಹೋಗಬಹುದು. ಹಲವು ಚೀಲಗಳಿಂದ ತೆಗೆದು ಬೆರೆಸಿ ಟೆಸ್ಟಿಗೆ ಕಳಿಸಿ.

ಒಪ್ಪಂದದಲ್ಲಿ ಮೂರು ಮಾತು ಇರಲೇಬೇಕು: ಮಾಲು ಬೇಡ ಅನ್ನುವ ಹಕ್ಕು ನಿಮಗಿದೆ, ಟೆಸ್ಟ್ ಖರ್ಚು ಯಾರದ್ದು, ವಾಪಸ್ ಸಾಗಾಟ ಯಾರದ್ದು. ಮಾಲು ಹಾಳಾದರೆ, ಕಳೆದರೆ ಪಾರ್ಟಿಯವರಿಗೆ ತಿಳಿಸಿ ದಾಖಲೆ ಇಡಬೇಕು ಅನ್ನುವುದು ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 9001:2015ರ 8.5.3ನೇ ಕಲಮಿನಲ್ಲೇ ಇದೆ.

ಕೊನೆಗೆ ಲೆಕ್ಕ. 500 ಕೆಜಿ ಬಂದಿದ್ದರೆ ಪ್ಯಾಕ್ ಆದದ್ದು, ಸ್ಯಾಂಪಲ್, ಗುಡಿಸಿ ಎಸೆದದ್ದು, ಉಳಿದದ್ದು ಎಲ್ಲ ಕೂಡಿಸಿ ತಾಳೆ ನೋಡಿ. ಪ್ರತಿ ಲಾಟಿನದ್ದೂ ಒಂದು ಸ್ಯಾಂಪಲ್ ಸೀಲ್ ಮಾಡಿ, ಪ್ಯಾಕೆಟ್ಟಿನ ಅವಧಿ ಮುಗಿಯುವ ತನಕ ಎತ್ತಿಡಿ. ಸೀಲಿನ ಮೇಲೆ ಪಾರ್ಟಿಯವರ ಸಹಿಯೂ ಇರಲಿ.