ಜಾಗ ನೋಡಲು ಹೊರಡುವ ಮುಂಚೆ ಮೇಲಿಂದ ಒಮ್ಮೆ ನೋಡಿ

ಫೋನಿನಲ್ಲಿ ಉಪಗ್ರಹ ನಕ್ಷೆ ತೆರೆದವರು ಮೊದಲು ಹುಡುಕುವುದು ತಮ್ಮ ಮನೆಯನ್ನೇ. ತಾರಸಿ ಕಾಣುತ್ತದೆ, ತಾರಸಿ ಮೇಲಿನ ನೀರಿನ ಟ್ಯಾಂಕ್ ಕಾಣುತ್ತದೆ, ಖುಷಿಯಾಗುತ್ತದೆ. ಆಮೇಲೆ ಅದರ ನೆನಪಾಗುವುದು ದಾರಿ ತಪ್ಪಿದಾಗ ಮಾತ್ರ. ಆದರೆ ತೋಟಕ್ಕೆ ಎಷ್ಟು ಪೈಪ್ ಬೇಕು, ಶಾಮಿಯಾನ ಹಾಕುವಷ್ಟು ಬಯಲು ಇದೆಯಾ, ಕೊಳ್ಳಬೇಕೆಂದಿರುವ ಸೈಟು ಹಿಂದೊಮ್ಮೆ ಕೆರೆಯಂಗಳ ಆಗಿತ್ತಾ ಎಂಬುದನ್ನೆಲ್ಲ ಅದೇ ನಕ್ಷೆಯಲ್ಲಿ ನೋಡಬಹುದು. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಸ್ವಲ್ಪ ತಾಳ್ಮೆ ಬೇಕು, ಅಷ್ಟೇ.

ಯಾವುದು ಯಾವುದಕ್ಕೆ

ಗೂಗಲ್ ಮ್ಯಾಪ್ಸ್ ಎಲ್ಲರ ಫೋನಿನಲ್ಲೂ ಇದೆ. ಬಲಗಡೆ ಮೇಲಿರುವ ಪದರಗಳ ಗುರುತು ಒತ್ತಿ ‘ಸ್ಯಾಟಲೈಟ್’ ಆರಿಸಿಕೊಳ್ಳಿ. ಅಳತೆಯ ಕೆಲಸ ಜಾಸ್ತಿ ಇದ್ದರೆ ಗೂಗಲ್ ಅರ್ಥ್ ಹಾಕಿಕೊಳ್ಳಿ. ಕಂಪ್ಯೂಟರ್ ಇರುವವರು ‘ಗೂಗಲ್ ಅರ್ಥ್ ಪ್ರೊ’ ಇಳಿಸಿಕೊಳ್ಳುವುದು ಒಳ್ಳೆಯದು. ಮೊದಲು ಅದಕ್ಕೆ ಹಣ ಕೊಡಬೇಕಿತ್ತು, 2015ರಿಂದ ಉಚಿತ. ಇಸ್ರೋದ ಉಪಗ್ರಹ ನಕ್ಷೆಯ ತಾಣ ‘ಭುವನ್’ 2009ರಿಂದ ಇದೆ. ನಮ್ಮ ರಾಜ್ಯದ ಜಮೀನಿನ ಮಟ್ಟಿಗೆ ‘ದಿಶಾಂಕ್’ ಆ್ಯಪ್ ಬೇಕೇ ಬೇಕು. ನೀವು ನಿಂತ ಜಾಗ ಯಾವ ಹಳ್ಳಿಯ ಎಷ್ಟನೇ ಸರ್ವೆ ನಂಬರಿನಲ್ಲಿದೆ ಎಂದು ಅದು ಹೇಳುತ್ತದೆ.

ಅಳತೆ ತೆಗೆಯುವುದು ಹೇಗೆ

ದೂರ ಅಳೆಯಲು ಫೋನಿನ ಗೂಗಲ್ ಮ್ಯಾಪ್ಸ್ ಸಾಕು. ಬಾವಿ ಇರುವ ಜಾಗದ ಮೇಲೆ ಬೆರಳು ಒತ್ತಿ ಹಿಡಿಯಿರಿ, ಕೆಂಪು ಪಿನ್ ಬೀಳುತ್ತದೆ. ಕೆಳಗೆ ಬರುವ ವಿವರವನ್ನು ಮೇಲಕ್ಕೆ ಸರಿಸಿದರೆ ‘ಮೆಷರ್ ಡಿಸ್ಟೆನ್ಸ್’ ಅಥವಾ ದೂರ ಅಳೆಯುವ ಆಯ್ಕೆ ಸಿಗುತ್ತದೆ. ಅದನ್ನು ಒತ್ತಿ, ಪೈಪ್ ತಿರುಗುವ ಜಾಗ ನಡುವಿನ ಗುರುತಿಗೆ ಬರುವಂತೆ ನಕ್ಷೆಯನ್ನು ಎಳೆಯಿರಿ, ಬಿಂದು ಸೇರಿಸಿ. ಹೀಗೆ ತಿರುವು ತಿರುವಿಗೂ ಒಂದೊಂದು ಬಿಂದು ಇಡುತ್ತಾ ತೋಟದ ತುದಿಯವರೆಗೆ ಹೋಗಿ. ಒಟ್ಟು ದೂರ ಕೆಳಗೆ ಕಾಣುತ್ತದೆ. 300 ಮೀಟರ್ ಬಂತು ಅನ್ನಿ. ಪಿವಿಸಿ ಪೈಪ್ ಸಾಮಾನ್ಯವಾಗಿ 20 ಅಡಿ, ಅಂದರೆ ಸುಮಾರು 6 ಮೀಟರ್ ಉದ್ದದ್ದು. 50 ಪೈಪ್ ಬೇಕು, ಮೇಲೆ ಎರಡು ಮೂರು ಹೆಚ್ಚಿಗೆ ಇಟ್ಟುಕೊಳ್ಳಿ.

ವಿಸ್ತೀರ್ಣಕ್ಕೆ ಗೂಗಲ್ ಅರ್ಥ್‌ನ ಅಳತೆಪಟ್ಟಿಯ ಗುರುತು ಒತ್ತಿ. ಬದುವಿನ ಮೂಲೆ ಮೂಲೆಗೆ ಬಿಂದು ಇಡುತ್ತಾ ಸುತ್ತು ಬಂದು, ಮೊದಲ ಬಿಂದುವಿಗೇ ಸೇರಿಸಿ. ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್ ಕೂಡ ಇದನ್ನು ಮಾಡುತ್ತದೆ. ಮೌಸಿನ ಬಲಗುಂಡಿ ಒತ್ತಿದರೆ ಅಳೆಯುವ ಆಯ್ಕೆ ಬರುತ್ತದೆ. ಲೆಕ್ಕ ಚದರ ಮೀಟರಿನಲ್ಲಿ ಬಂದರೆ ಗಾಬರಿ ಬೇಡ. 4047 ಚದರ ಮೀಟರ್ ಅಂದರೆ ಒಂದು ಎಕರೆ. ಎಕರೆಗೆ 40 ಗುಂಟೆ, ಗುಂಟೆಗೆ 1089 ಚದರ ಅಡಿ, ಅಂದರೆ 33 ಅಡಿಗೆ 33 ಅಡಿ.

ಇಲ್ಲಿಂದ ಮುಂದಿನ ಲೆಕ್ಕ ಸಲೀಸು. 9 ಅಡಿಗೆ 9 ಅಡಿ ಅಂತರದಲ್ಲಿ ಅಡಿಕೆ ಸಸಿ ಇಡುವುದಾದರೆ ಒಂದು ಸಸಿಗೆ 81 ಚದರ ಅಡಿ. ಎಕರೆಯ 43,560 ಚದರ ಅಡಿಯನ್ನು ಅದರಿಂದ ಭಾಗಿಸಿದರೆ ಸುಮಾರು 537 ಸಸಿ. ಬಸಿಗಾಲುವೆ, ದಾರಿ, ಪಂಪ್‌ಹೌಸ್ ಇರುವ ಕಡೆ ಬೇರೆಯಾಗಿ ಅಳೆದು ಕಳೆಯಿರಿ. ನರ್ಸರಿಗೆ ಹೋಗಿ ‘ಒಂದು ಸಾವಿರ ಕೊಡಿ, ನೋಡೋಣ’ ಎನ್ನುವ ಬದಲು ಬೇಕಾದಷ್ಟನ್ನೇ ಕೇಳಬಹುದು.

ಇಳಿಜಾರಿನ ಜಾಗದಲ್ಲಿ ಒಂದು ವಿಷಯ ಗಮನದಲ್ಲಿರಲಿ. ನಕ್ಷೆ ಅಳೆಯುವುದು ಮಟ್ಟಸವಾದ ದೂರವನ್ನು. ಗುಡ್ಡ ಹತ್ತಿ ಇಳಿಯುವ ಬೇಲಿ ತಂತಿ, ಪೈಪು ಅದಕ್ಕಿಂತ ಉದ್ದ ಬೇಕಾಗುತ್ತದೆ. ಸ್ವಲ್ಪ ಏರಿದ್ದರೆ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. 30 ಡಿಗ್ರಿಯಷ್ಟು ಕಡಿದಾದ ಧರೆ ಇದ್ದರೆ ನೂರು ಮೀಟರಿಗೆ 15 ಮೀಟರ್ ಜಾಸ್ತಿ ಬೇಕು.

ಮಲೆನಾಡಿನಲ್ಲಿ ಅಬ್ಬಿ ನೀರನ್ನು ಮನೆಗೆ ತರುವವರಿಗೆ ಎತ್ತರವೇ ಮುಖ್ಯ, ಅಲ್ವಾ? ಅರ್ಥ್ ಪ್ರೊದಲ್ಲಿ ಮೌಸ್ ಇಟ್ಟ ಜಾಗದ ಎತ್ತರ ಪರದೆಯ ಕೆಳತುದಿಯಲ್ಲಿ ಕಾಣುತ್ತದೆ. ಒಂದು ಗೆರೆ ಎಳೆದು, ಅದರ ಮೇಲೆ ಬಲಗುಂಡಿ ಒತ್ತಿ ‘ಎಲಿವೇಶನ್ ಪ್ರೊಫೈಲ್’ ಆರಿಸಿದರೆ ದಾರಿಯ ಏರಿಳಿತವೆಲ್ಲ ಚಿತ್ರವಾಗಿ ಬರುತ್ತದೆ. ನಡುವೆ ಎಲ್ಲಾದರೂ ದಿಬ್ಬ ಅಡ್ಡ ಬರುತ್ತದಾ ಎನ್ನುವುದು ಅಲ್ಲೇ ಗೊತ್ತಾಗುತ್ತದೆ. 10 ಮೀಟರ್ ಇಳಿಕೆಗೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ಆದರೆ ಈ ಎತ್ತರದ ಲೆಕ್ಕ ಅಂದಾಜಿನದು. ದಟ್ಟ ಮರಗಳಿರುವ ಕಡೆ ಹಲವು ಮೀಟರ್ ಆಚೀಚೆ ಆಗುತ್ತದೆ. ನಕ್ಷೆಯಲ್ಲಿ 40 ಮೀಟರ್ ಇಳಿಕೆ ಕಂಡರೆ ಧೈರ್ಯವಾಗಿ ಮುಂದುವರಿಯಿರಿ. 4 ಮೀಟರ್ ಕಂಡರೆ ಮಟ್ಟಗೊಳವೆ ಹಿಡಿದು ಅಳೆಯದೆ ಒಂದು ಪೈಪನ್ನೂ ಕೊಳ್ಳಬೇಡಿ.

ಸೈಟು ಕೊಳ್ಳುವವರು ಇದನ್ನು ಪೂರ್ತಿ ಓದಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಜೀವಮಾನದ ಉಳಿತಾಯ ಹಾಕಿ ಸೈಟು ಕೊಳ್ಳುತ್ತೇವೆ. ಬ್ರೋಕರ್ ತೋರಿಸುವುದು ಇವತ್ತಿನ ಜಾಗವನ್ನು. ಕಲ್ಲು ನೆಟ್ಟು, ಮಣ್ಣು ಹಾಕಿ, ರಸ್ತೆ ಮಾಡಿ ಚೆಂದ ಮಾಡಿಟ್ಟ ಜಾಗ ಅದು. ಹತ್ತು ಹದಿನೈದು ವರ್ಷದ ಹಿಂದೆ ಅಲ್ಲಿ ಏನಿತ್ತು ಎಂಬುದು ಉಪಗ್ರಹದ ಹಳೇ ಚಿತ್ರಗಳಲ್ಲಿ ಉಳಿದಿದೆ.

ಮೊದಲು ಜಾಗವನ್ನು ಸರಿಯಾಗಿ ಗುರುತಿಸಿ. ಮಾರುವವರಿಂದ ಲೊಕೇಶನ್ ತರಿಸಿಕೊಂಡರೆ ಸಾಲದು, ಒಮ್ಮೆ ಸೈಟಿನ ಮೇಲೇ ನಿಂತು ದಿಶಾಂಕ್ ತೆರೆಯಿರಿ. ಅದು ತೋರಿಸುವ ಸರ್ವೆ ನಂಬರೂ ಮಾರುವವರು ಕೊಟ್ಟ ಕಾಗದದಲ್ಲಿರುವ ನಂಬರೂ ಒಂದೇನಾ ನೋಡಿ. ಬೇರೆಯಾಗಿದ್ದರೆ ಅಲ್ಲೇ ಪ್ರಶ್ನೆ ಕೇಳಿ. ಗಡಿಯ ಪಕ್ಕದಲ್ಲೇ ನಿಂತಿದ್ದರೆ ಪಕ್ಕದ ನಂಬರ್ ಬರುವುದುಂಟು. ಹಾಗಾಗಿ ಹತ್ತು ಹೆಜ್ಜೆ ಒಳಗೆ ಬಂದು ಮತ್ತೆ ನೋಡಿ.

ಆಮೇಲೆ ಮನೆಗೆ ಬಂದು ಅರ್ಥ್ ಪ್ರೊದಲ್ಲಿ ಆ ಜಾಗಕ್ಕೆ ಪಿನ್ ಹಾಕಿ. ಮೇಲಿನ ಸಾಲಿನಲ್ಲಿರುವ ಗಡಿಯಾರದ ಗುರುತು ಒತ್ತಿ. ಎಡಗಡೆ ಒಂದು ಕಾಲಪಟ್ಟಿ ಬರುತ್ತದೆ. ಅದನ್ನು ಹಿಂದಕ್ಕೆ ಎಳೆಯುತ್ತಾ ಹೋಗಿ. ಬೆಂಗಳೂರಿನ ಹಲವು ಭಾಗಗಳಿಗೆ 2000ದ ದಶಕದ ಮೊದಲ ವರ್ಷಗಳಿಂದಲೇ ಸ್ಪಷ್ಟ ಚಿತ್ರಗಳಿವೆ. ಹಳ್ಳಿಗಳ ಕಡೆ ನಡುವೆ ಕೆಲವು ವರ್ಷ ಬಿಟ್ಟು ಹೋಗಿರುತ್ತವೆ.

ಏನು ನೋಡಬೇಕು? ಮೊದಲು ಕೆರೆ ಏರಿ. ಮೇಲಿನಿಂದ ಅದು ಬಾಗಿದ ದಪ್ಪ ಗೆರೆಯಂತೆ ಕಾಣುತ್ತದೆ. ಅನೇಕ ಕಡೆ ಏರಿಯ ಮೇಲೆಯೇ ರಸ್ತೆ ಇರುತ್ತದೆ. ಏರಿಯ ಒಂದು ಮಗ್ಗುಲಿಗೆ ಚಿಕ್ಕ ಚಿಕ್ಕ ಮಡಿಗಳಾಗಿ ಗದ್ದೆಗಳಿದ್ದರೆ ಅದು ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಜಮೀನು. ಇನ್ನೊಂದು ಮಗ್ಗುಲು ನೀರಿನದು. ನಿಮ್ಮ ಪಿನ್ ಆ ಮಗ್ಗುಲಲ್ಲಿದ್ದರೆ, ಈಗ ಅಲ್ಲಿ ಎಷ್ಟೇ ಒಣಗಿದ ಮಣ್ಣು ಕಂಡರೂ ಕೈ ಹಿಂದೆ ತೆಗೆಯಿರಿ. ಏಪ್ರಿಲ್ ತಿಂಗಳ ಚಿತ್ರ ನೋಡಿ ತೀರ್ಮಾನ ಮಾಡಬೇಡಿ. ಅಕ್ಟೋಬರಿನಿಂದ ಡಿಸೆಂಬರಿನೊಳಗಿನ ಚಿತ್ರ ಹುಡುಕಿ. ಮುಂಗಾರು ಮುಗಿದ ಆ ದಿನಗಳಲ್ಲಿ ನೀರು ಎಲ್ಲಿಯವರೆಗೆ ಬರುತ್ತಿತ್ತು ಎಂದು ನಿಚ್ಚಳವಾಗಿ ಕಾಣುತ್ತದೆ.

ಎರಡನೆಯದು ರಾಜಕಾಲುವೆ, ಹಳ್ಳ. ಹಳೇ ಚಿತ್ರದಲ್ಲಿ ಅದು ಹಸಿರು ಪೊದೆಗಳ ನಡುವೆ ಡೊಂಕಾಗಿ ಹರಿಯುವ ಕಪ್ಪು ಗೆರೆ. ಮುಂದಿನ ವರ್ಷಗಳ ಚಿತ್ರಗಳಲ್ಲಿ ಗೆರೆ ಸಣ್ಣದಾಗುತ್ತಾ, ನೇರವಾಗುತ್ತಾ, ಕೆಲವೊಮ್ಮೆ ಒಂದು ಲೇಔಟಿನ ಅಂಚಿಗೆ ಬಂದು ಥಟ್ಟನೆ ನಿಂತುಬಿಡುತ್ತದೆ. ಗೆರೆ ನಿಂತರೂ ನೀರು ನಿಲ್ಲುವುದಿಲ್ಲ. ಬೆಳ್ಳಂದೂರು ಕೆರೆ ತುಂಬಿದರೆ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹೋಗಬೇಕು. ಹೀಗೆ ಒಂದಕ್ಕೊಂದು ಸೇರಿದ ಸರಣಿಯಲ್ಲಿ ಒಂದು ಕಾಲುವೆ ಮುಚ್ಚಿದರೂ ಮೇಲಿನವರ ಮನೆಗೆ ನೀರು ನುಗ್ಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಸುತ್ತಮುತ್ತ ಜನ ಟ್ರ್ಯಾಕ್ಟರಿನಲ್ಲಿ ಓಡಾಡಿದ್ದನ್ನು ಎಲ್ಲರೂ ನೋಡಿದ್ದೇವೆ. ಅಂಥ ಕಡೆ ಹಳೇ ಚಿತ್ರ ನೋಡದೆ ಮುಂಗಡ ಕೊಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯದು ಕಲ್ಲು ಕ್ವಾರಿ. ಹಳೇ ಗುಂಡಿಗೆ ಕಟ್ಟಡದ ಅವಶೇಷ ತುಂಬಿ ಸಮ ಮಾಡಿದ ಜಾಗದಲ್ಲಿ ಪಾಯ ಕುಸಿಯುವ ಭಯ ಇರುತ್ತದೆ. ಚಿತ್ರದಲ್ಲಿ ಮೊದಲು ಬಿಳಿ ಅಂಚಿನ ಕಪ್ಪು ಗುಂಡಿ ಕಾಣುತ್ತದೆ, ನಂತರ ಕಂದು ಬಯಲು. ಇನ್ನು ಹೈಟೆನ್ಷನ್ ತಂತಿ ಮೇಲಿನಿಂದ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೆ ಗೋಪುರಗಳ ನೆರಳು ಹುಡುಕಿ. ಒಂದೇ ಅಳತೆ ಬಿಟ್ಟು ಸಾಲಾಗಿ ಬಿದ್ದ ಜಾಳಿಗೆಯಂಥ ನೆರಳುಗಳು ನಿಮ್ಮ ಸೈಟಿನ ಎರಡೂ ಕಡೆ ಕಂಡರೆ, ನಡುವೆ ತಂತಿ ಹಾದುಹೋಗಿದೆ ಎಂದೇ ಅರ್ಥ.

ಉಪಗ್ರಹ ಬರುವ ಮುಂಚೆಯೇ ಮಾಯವಾದ ಕೆರೆಗಳೂ ಇವೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಂಗಳದಲ್ಲಿ. ಇಂಥವು ಅರ್ಥ್ ಪ್ರೊದಲ್ಲಿ ಸಿಗುವುದಿಲ್ಲ. ಭೂಮಾಪನ ಇಲಾಖೆಯ ಗ್ರಾಮ ನಕ್ಷೆ ಆನ್‌ಲೈನಿನಲ್ಲೇ ಇಳಿಸಿಕೊಳ್ಳಬಹುದು. ಅದರಲ್ಲಿ ಕೆರೆ, ಹಳ್ಳ, ಬಂಡಿದಾರಿ ಎಲ್ಲ ಗುರುತು ಮಾಡಿರುತ್ತಾರೆ. ಅದನ್ನೂ ಉಪಗ್ರಹ ಚಿತ್ರವನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿ.

ಗಡಿ ಜಗಳಕ್ಕೆ ಇದು ಸಾಕ್ಷಿಯಲ್ಲ

‘ನೋಡಿ, ನಕ್ಷೆಯಲ್ಲಿ ಅವರ ಬೇಲಿ ನಮ್ಮ ಕಡೆಗೆ ಬಂದಿದೆ’ ಎಂದು ಪಕ್ಕದ ಜಮೀನಿನವರ ಹತ್ತಿರ ಹೋಗುವ ಮುಂಚೆ ಒಂದು ಪರೀಕ್ಷೆ ಮಾಡಿ. ನಿಮ್ಮ ಮನೆಯ ಮೂಲೆಗೆ ಪಿನ್ ಹಾಕಿ, ಕಾಲಪಟ್ಟಿಯನ್ನು ಹಿಂದೆ ಮುಂದೆ ಎಳೆಯಿರಿ. ಅಲುಗದೇ ನಿಂತ ಮನೆ ಒಂದು ವರ್ಷದ ಚಿತ್ರದಲ್ಲಿ ಪಿನ್ನಿನ ಪೂರ್ವಕ್ಕೂ ಇನ್ನೊಂದರಲ್ಲಿ ಪಶ್ಚಿಮಕ್ಕೂ ಸರಿದಿರುತ್ತದೆ. ಚಿತ್ರವನ್ನು ನಕ್ಷೆಯ ಮೇಲೆ ಕೂರಿಸುವಾಗ ಕೆಲವು ಮೀಟರ್ ವ್ಯತ್ಯಾಸ ಬರುವುದು ಸಹಜ. ದಿಶಾಂಕ್‌ನ ಗೆರೆಗೂ ಇದೇ ಮಾತು. ಬದುವಿನ ಪ್ರಶ್ನೆ ಇದ್ದರೆ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವ ಸರ್ಕಾರಿ ಅಳತೆಗೆ ಅರ್ಜಿ ಹಾಕಿ, ಸರ್ವೆಯರ್ ಬಂದು ಅಳೆಯಲಿ. ಅದಕ್ಕೆ ಮಾತ್ರ ಬೆಲೆ.

ಮನೆಯ ತಾರಸಿಗೆ

ತಾರಸಿಯನ್ನು ಅಳೆದರೆ ಎರಡು ಲೆಕ್ಕ ಸಿಗುತ್ತದೆ. ಒಂದು ಮಳೆನೀರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 1200 ಚದರ ಅಡಿಯ ತಾರಸಿ ಅಂದರೆ ಸುಮಾರು 111 ಚದರ ಮೀಟರ್. ವರ್ಷಕ್ಕೆ 900 ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ಲೀಟರ್ ಬೀಳುತ್ತದೆ. ಐದನೇ ಒಂದು ಭಾಗ ಹಾಳಾಗುತ್ತದೆ ಎಂದುಕೊಂಡರೂ 80 ಸಾವಿರ ಲೀಟರ್ ಉಳಿಯಿತು.

ಇನ್ನೊಂದು ಸೋಲಾರ್. ಒಂದು ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ಇಲ್ಲಿ ಚಿತ್ರದ ನೆರಳನ್ನು ನೋಡಿ ಮೋಸ ಹೋಗಬೇಡಿ. ಇಂಥ ಚಿತ್ರಗಳನ್ನು ಹೆಚ್ಚಾಗಿ ಬೆಳಗಿನ ಹತ್ತು, ಹತ್ತೂವರೆಯ ಹೊತ್ತಿಗೆ ತೆಗೆದಿರುತ್ತಾರೆ. ನೆರಳು ಪಶ್ಚಿಮದ ಕಡೆ ಬಿದ್ದಿರುತ್ತದೆ. ಪಶ್ಚಿಮಕ್ಕಿರುವ ತೆಂಗಿನಮರ ಮಧ್ಯಾಹ್ನ ಮೂರರ ಮೇಲೆ ನಿಮ್ಮ ತಾರಸಿಗೆ ನೆರಳು ಹಾಕುವುದು ಆ ಚಿತ್ರದಲ್ಲಿ ಕಾಣುವುದಿಲ್ಲ. ದಕ್ಷಿಣಕ್ಕಿರುವ ಎತ್ತರದ ಮನೆಯ ನೆರಳು ಡಿಸೆಂಬರಿನಲ್ಲೇ ಎಲ್ಲಕ್ಕಿಂತ ಉದ್ದ. ಆ ತಿಂಗಳ ಚಿತ್ರ ಸಿಕ್ಕರೆ ಅದನ್ನೇ ನೋಡಿ.

ಬೆಳೆ ನೋಡಲು

ದೂರದ ಊರಿನಲ್ಲಿ ಕೆಲಸದಲ್ಲಿದ್ದು ಊರಿನ ಜಮೀನು ನೋಡಿಕೊಳ್ಳುವವರು ಗೂಗಲ್ ಚಿತ್ರವನ್ನು ನಂಬಿ ಕೂರಬೇಡಿ. ಅದು ಒಂದೆರಡು ವರ್ಷ ಹಳೆಯದಿರಬಹುದು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ‘ಕೊಪರ್ನಿಕಸ್ ಬ್ರೌಸರ್’ ತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಸುಮಾರು ಐದು ದಿನಕ್ಕೊಮ್ಮೆ ಹೊಸದು. ಆದರೆ ಅದರಲ್ಲಿ ಒಂದು ಚುಕ್ಕಿ ಎಂದರೆ 10 ಮೀಟರಿಗೆ 10 ಮೀಟರ್. ಒಂದು ಮೂವತ್ತು-ನಲವತ್ತರ ಸೈಟು ಪೂರ್ತಿ ಒಂದೇ ಚುಕ್ಕಿಯಾಗಿಬಿಡುತ್ತದೆ. ಐದು ಎಕರೆ ಜೋಳದಲ್ಲಿ ಯಾವ ಮೂಲೆ ಒಣಗುತ್ತಿದೆ ಎಂದು ನೋಡಲು ಚೆನ್ನಾಗಿದೆ. ಮಳೆಗಾಲದಲ್ಲಿ ಮೋಡವೇ ಕಾಣುವುದು ಜಾಸ್ತಿ.

ವಿಳಾಸವಿಲ್ಲದ ಮನೆಗೆ ವಿಳಾಸ

ತೋಟದ ಮನೆಗೆ ಬರುವ ಗ್ಯಾಸ್ ಗಾಡಿಗೆ, ಬೋರ್‌ವೆಲ್ ಲಾರಿಗೆ ದಾರಿ ಹೇಳಿ ಸಾಕಾದವರು ‘ಪ್ಲಸ್ ಕೋಡ್’ ಬಳಸಿ. ಗೂಗಲ್ ಮ್ಯಾಪ್ಸ್‌ನಲ್ಲಿ ಉಪಗ್ರಹ ನೋಟ ಹಾಕಿ, ಮನೆಯ ಮೇಲಲ್ಲ, ಗಾಡಿ ಬಂದು ನಿಲ್ಲಬೇಕಾದ ಗೇಟಿನ ಮೇಲೆ ಒತ್ತಿ ಹಿಡಿಯಿರಿ. ಕೆಳಗೆ ಅಕ್ಷರ, ಅಂಕಿ, ನಡುವೆ ಕೂಡಿಸುವ ಚಿಹ್ನೆ ಇರುವ ಒಂದು ಸಣ್ಣ ಸಂಕೇತ, ಜೊತೆಗೆ ಊರಿನ ಹೆಸರು ಬರುತ್ತದೆ. ಸುಮಾರು 14 ಮೀಟರ್ ಚೌಕದ ಜಾಗವನ್ನು ಅದು ಗುರುತಿಸುತ್ತದೆ. ಲಾರಿ ಬರುವ ದಾರಿಯಲ್ಲಿ ತಿರುಗಿಸಲು ಜಾಗ ಇದೆಯಾ ಎಂದು ಮೊದಲೇ ಮೇಲಿಂದ ನೋಡಿ ಹೇಳಿಬಿಡಿ. ಮದುವೆಗೆ ಶಾಮಿಯಾನ, ಅಡುಗೆಯವರ ಗಾಡಿ ತರಿಸುವವರಿಗೂ ಇದು ಉಪಯೋಗ.

ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದರೆ ಆ ಕೋಡನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿ. 108ಕ್ಕೆ ಕರೆ ಮಾಡಿದಾಗ ಊರಿನ ಹೆಸರು, ಹತ್ತಿರದ ಗುಡಿ ಅಥವಾ ಶಾಲೆ ಹೇಳಿ. ಆಂಬುಲೆನ್ಸ್ ಚಾಲಕರು ವಾಪಸ್ ಫೋನ್ ಮಾಡಿದಾಗ ಈ ಕೋಡ್ ಓದಿ ಹೇಳಲು ಈಗಲೇ ಅಭ್ಯಾಸ ಮಾಡಿಸಿ.