ಇಮ್ಯಾಕ್ಸ್‌ನಲ್ಲಿ ಮೌಸ್ ಮತ್ತು ಮೆನು ಬಳಸುವುದು ಹೇಗೆ?

ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಹೆಸರು ಕೇಳಿದೊಡನೆ ಹೊಸಬರು ಹಿಂಜರಿಯುವುದುಂಟು. ಕೀಲಿಮಣೆಯ ನೂರಾರು ಜೋಡಿ ಕೀಲಿಗಳನ್ನು ಬಾಯಿಪಾಠ ಮಾಡದೆ ಅದನ್ನು ಮುಟ್ಟಲಾಗದು ಎಂಬ ಮಾತು ಅಷ್ಟು ಹರಡಿದೆ. ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಗ್ನೂ ಇಮ್ಯಾಕ್ಸನ್ನು ಹೊರತಂದಾಗ ಅದು ಕೀಲಿಮಣೆಯನ್ನೇ ನಂಬಿದ ತಂತ್ರಾಂಶವಾಗಿದ್ದುದು ನಿಜ. ಆದರೆ ಇಂದು ಗ್ರಾಫಿಕಲ್ ಪರದೆಯ ಮೇಲೆ ಅದನ್ನು ತೆರೆದರೆ, ಬರೆಯುವುದೊಂದನ್ನು ಬಿಟ್ಟು ದಿನನಿತ್ಯದ ಬಹುತೇಕ ಕೆಲಸಗಳನ್ನು ಮೌಸ್ ಮತ್ತು ಮೆನುಗಳಿಂದಲೇ ಮುಗಿಸಬಹುದು. ಕಲಿಕೆಯನ್ನು ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಎಡ ಬಟನ್. ಪಠ್ಯದ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಕರ್ಸರ್ ಅಲ್ಲಿಗೆ ಬರುತ್ತದೆ. ಒತ್ತಿ ಹಿಡಿದು ಎಳೆದರೆ ಅಷ್ಟು ಭಾಗ ಆಯ್ಕೆಯಾಗುತ್ತದೆ. ಎರಡು ಬಾರಿ ಕ್ಲಿಕ್ ಮಾಡಿದರೆ ಇಡೀ ಪದವೂ ಮೂರು ಬಾರಿ ಮಾಡಿದರೆ ಇಡೀ ಸಾಲೂ ಆಯ್ಕೆಯಾಗುತ್ತವೆ. ಪ್ರೋಗ್ರಾಂ ಬರೆಯುವವರು ಇನ್ನೊಂದನ್ನು ತಿಳಿದಿರಬೇಕು: ತೆರೆದ ಆವರಣ ಚಿಹ್ನೆಯ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ, ಅದಕ್ಕೆ ಜೊತೆಯಾದ ಮುಚ್ಚುವ ಚಿಹ್ನೆಯವರೆಗಿನ ಎಲ್ಲವೂ ಒಟ್ಟಿಗೆ ಆಯ್ಕೆಯಾಗುತ್ತದೆ. ಒಂದರೊಳಗೊಂದು ಸೇರಿಕೊಂಡ ಆವರಣಗಳಲ್ಲಿ ಯಾವುದು ಎಲ್ಲಿ ಮುಗಿಯುತ್ತದೆ ಎಂದು ಕಣ್ಣಿನಲ್ಲಿ ಹುಡುಕುವ ಶ್ರಮ ಇದರಿಂದ ತಪ್ಪುತ್ತದೆ.

ಬಲ ಬಟನ್‌ನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಬೇರೆ ತಂತ್ರಾಂಶಗಳ ಅಭ್ಯಾಸವಿರುವವರು ಎಡವುವುದು ಇಲ್ಲಿಯೇ. ಬಲ ಕ್ಲಿಕ್ ಮಾಡಿದರೆ ಮೆನು ಬರುವುದಿಲ್ಲ. ಬದಲಿಗೆ ಕರ್ಸರ್ ಇದ್ದ ಜಾಗದಿಂದ ಕ್ಲಿಕ್ ಮಾಡಿದ ಜಾಗದವರೆಗಿನ ಪಠ್ಯ ಆಯ್ಕೆಯಾಗುತ್ತದೆ. ಅದೇ ಜಾಗದಲ್ಲಿ ಮತ್ತೊಮ್ಮೆ ಬಲ ಕ್ಲಿಕ್ ಮಾಡಿದರೆ ಆ ಪಠ್ಯ ಕಟ್ ಆಗಿ ಕಣ್ಮರೆಯಾಗುತ್ತದೆ. ಗಾಬರಿಪಡಬೇಕಾಗಿಲ್ಲ, ಎಡಿಟ್ ಮೆನುವಿನ ಅನ್‌ಡು ಒತ್ತಿದರೆ ಎಲ್ಲವೂ ಮರಳುತ್ತದೆ. ಒಂದು ಪರದೆಗೆ ಮೀರಿದ ಉದ್ದನೆಯ ಭಾಗವನ್ನು ಆಯ್ಕೆ ಮಾಡುವಾಗ ಮಾತ್ರ ಎಚ್ಚರ ಬೇಕು: ಇಮ್ಯಾಕ್ಸ್ ಕರ್ಸರನ್ನು ಸದಾ ಕಾಣುವ ಭಾಗದಲ್ಲೇ ಇರಿಸುವುದರಿಂದ, ಆರಂಭದಲ್ಲಿ ಬರಿದೇ ಕ್ಲಿಕ್ ಮಾಡಿ ಚಕ್ರ ತಿರುಗಿಸುತ್ತ ಕೆಳಗಿಳಿದರೆ ಕರ್ಸರೂ ಜೊತೆಗೇ ಇಳಿದುಬಿಡುತ್ತದೆ, ಆರಂಭದ ಗುರುತು ಉಳಿಯುವುದಿಲ್ಲ. ಆದ್ದರಿಂದ ಆರಂಭದಲ್ಲಿ ಕ್ಲಿಕ್ ಮಾಡಿದ ಮೇಲೆ ಕಂಟ್ರೋಲ್ ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಗುರುತು ಹಾಕಿ, ನಂತರ ಚಕ್ರ ತಿರುಗಿಸಿ, ಕೊನೆಯಲ್ಲಿ ಬಲ ಕ್ಲಿಕ್ ಮಾಡಿ. ಬಲ ಬಟನ್‌ಗೆ ಎಲ್ಲೆಡೆಯಂತೆ ಮೆನುವೇ ಬೇಕೆನ್ನುವವರಿಗೆ 28ನೇ ಆವೃತ್ತಿಯಿಂದ ಆ ಅನುಕೂಲವೂ ಇದೆ: ಆಲ್ಟ್ ಹಿಡಿದು ಎಕ್ಸ್ ಒತ್ತಿ, ‘ಕಾಂಟೆಕ್ಸ್ಟ್-ಮೆನು-ಮೋಡ್’ (context-menu-mode) ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಬೇಕು.

ನಡುವಿನ ಬಟನ್, ಅಂದರೆ ಹೆಚ್ಚಿನ ಮೌಸ್‌ಗಳಲ್ಲಿ ಚಕ್ರವನ್ನೇ ಒತ್ತುವುದು, ಪೇಸ್ಟ್ ಮಾಡುತ್ತದೆ. ಲಿನಕ್ಸ್‌ನಂತಹ ಗಣಕಗಳಲ್ಲಿ ಕಿಟಕಿಗಳನ್ನು ತೋರಿಸುವ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಆಯ್ಕೆ ಮಾಡಿದ ಪಠ್ಯ ಒಂದೆಡೆ, ಕಾಪಿ ಅಥವಾ ಕಟ್ ಮಾಡಿದ ಪಠ್ಯ ಇನ್ನೊಂದೆಡೆ, ಹೀಗೆ ಎರಡು ಸಂಗ್ರಹಗಳಿರುತ್ತವೆ. ನಡುವಿನ ಬಟನ್ ಮೊದಲನೆಯದನ್ನು, ಎಡಿಟ್ ಮೆನುವಿನ ಪೇಸ್ಟ್ ಎರಡನೆಯದನ್ನು ತಂದಿಡುತ್ತದೆ. ‘ಕಾಪಿ ಮಾಡಿದ್ದೇ ಒಂದು, ಬಂದದ್ದೇ ಇನ್ನೊಂದು’ ಎಂಬ ಗೊಂದಲಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಪಠ್ಯ ಬಂದು ಸೇರುವುದು ಕ್ಲಿಕ್ ಮಾಡಿದ ಜಾಗದಲ್ಲಿಯೇ ಹೊರತು ಕರ್ಸರ್ ಮೊದಲು ಇದ್ದಲ್ಲಿ ಅಲ್ಲ ಎಂಬುದೂ ನೆನಪಿರಲಿ.

ಈಗ ಮೆನುಗಳು. ಕಿಟಕಿಯ ಮೇಲ್ಭಾಗದ ಪಟ್ಟಿಯಲ್ಲಿ ಫೈಲ್, ಎಡಿಟ್, ಆಪ್ಶನ್ಸ್, ಬಫರ್ಸ್, ಟೂಲ್ಸ್, ಹೆಲ್ಪ್ ಮುಂತಾದವು ಕಾಣುತ್ತವೆ. ಫೈಲ್ ಮೆನು ತೆರೆದು ಸೇವ್ ಎಂಬ ಸಾಲನ್ನು ನೋಡಿ: ಅದರ ಬಲಕ್ಕೆ, ಕಂಟ್ರೋಲ್ ಹಿಡಿದು ಎಕ್ಸ್, ಆಮೇಲೆ ಕಂಟ್ರೋಲ್ ಹಿಡಿದು ಎಸ್ ಎಂಬ ಕೀಲಿಗಳ ಸಂಕೇತ ಬರೆದಿರುತ್ತದೆ. ದಿನಕ್ಕೆ ಹತ್ತು ಬಾರಿ ಈ ಮೆನು ತೆರೆಯುವವರ ಕಣ್ಣಿಗೆ ಆ ಸಂಕೇತ ಹತ್ತು ಬಾರಿ ಬೀಳುತ್ತದೆ, ಕೆಲವು ದಿನಗಳಲ್ಲಿ ಬೆರಳು ತಾನಾಗಿ ಅತ್ತ ಹೋಗುತ್ತದೆ. ಬಾಯಿಪಾಠದ ಅಗತ್ಯವೇ ಬೀಳುವುದಿಲ್ಲ. ಯಾವುದಾದರೂ ಸಾಲು ಏನು ಮಾಡುತ್ತದೆಂದು ತಿಳಿಯದಿದ್ದರೆ, ಕಂಟ್ರೋಲ್ ಹಿಡಿದು ಎಚ್ ಒತ್ತಿ, ನಂತರ ಕೆ ಒತ್ತಿ, ಆಮೇಲೆ ಆ ಸಾಲನ್ನು ಆರಿಸಿ. ಆಗ ಆದೇಶ ಜಾರಿಯಾಗುವ ಬದಲು ಅದರ ವಿವರಣೆ ತೆರೆದುಕೊಳ್ಳುತ್ತದೆ. ಆಪ್ಶನ್ಸ್ ಮೆನುವಿನಲ್ಲಿ ಮಾಡಿದ ಬದಲಾವಣೆಗಳು ಮುಂದಿನ ಬಾರಿಗೂ ಉಳಿಯಬೇಕಾದರೆ, ಅದೇ ಮೆನುವಿನ ಸೇವ್ ಆಪ್ಶನ್ಸ್ ಒತ್ತುವುದನ್ನು ಮರೆಯಬಾರದು.

ಪಠ್ಯದ ಮೇಲೆ ಕಂಟ್ರೋಲ್ ಹಿಡಿದು ಎಡ ಕ್ಲಿಕ್ ಮಾಡಿದರೆ, ತೆರೆದಿರುವ ಬಫರ್‌ಗಳ, ಅಂದರೆ ಇಮ್ಯಾಕ್ಸ್ ಸದ್ಯ ತೆರೆದಿಟ್ಟುಕೊಂಡಿರುವ ಫೈಲು ಮುಂತಾದ ಪಠ್ಯಗಳ, ಪಟ್ಟಿ ಅಲ್ಲಿಯೇ ಮೂಡುತ್ತದೆ. ಪಠ್ಯದ ಕೆಳಗಿನ ಮೋಡ್ ಲೈನ್ ಎಂಬ ಪಟ್ಟಿಯೂ ಮೌಸ್‌ಗೆ ಸ್ಪಂದಿಸುತ್ತದೆ: ಒಂದರ ಮೇಲೊಂದು ಎರಡು ಭಾಗಗಳಿದ್ದಾಗ ಮೇಲಿನದರ ಮೋಡ್ ಲೈನನ್ನು ಎಳೆದರೆ ಅವುಗಳ ಎತ್ತರ ಬದಲಾಗುತ್ತದೆ, ಅದರಲ್ಲಿರುವ ಬಫರ್ ಹೆಸರಿನ ಮೇಲೆ ಎಡ ಕ್ಲಿಕ್ ಮಾಡಿದರೆ ಹಿಂದಿನ ಬಫರ್ ಬರುತ್ತದೆ.

ಇಮ್ಯಾಕ್ಸನ್ನು ಟರ್ಮಿನಲ್ ಕಿಟಕಿಯೊಳಗೇ, ಅಂದರೆ ಆದೇಶಗಳನ್ನು ಅಕ್ಷರಗಳಲ್ಲಿ ಟೈಪ್ ಮಾಡುವ ಕಿಟಕಿಯೊಳಗೇ, ತೆರೆದಿದ್ದು, ಅಲ್ಲಿ ಮೌಸ್‌ನ ಎಳೆತ ಟರ್ಮಿನಲ್‌ಗೇ ಸೇರಿ ಇಮ್ಯಾಕ್ಸ್‌ಗೆ ತಲುಪದಿದ್ದರೆ, ಮೇಲೆ ಹೇಳಿದಂತೆ ಆಲ್ಟ್ ಹಿಡಿದು ಎಕ್ಸ್ ಒತ್ತಿ ‘ಎಕ್ಸ್‌ಟರ್ಮ್-ಮೌಸ್-ಮೋಡ್’ (xterm-mouse-mode) ಆದೇಶ ಕೊಡಬೇಕು. ಅನಂತರ ಟರ್ಮಿನಲ್‌ನ ಸ್ವಂತ ಆಯ್ಕೆ ಮತ್ತು ಪೇಸ್ಟ್ ಬೇಕಾದಾಗ ಶಿಫ್ಟ್ ಹಿಡಿದು ಮೌಸ್ ಬಳಸಿ. ಮೌಸ್ ಇಲ್ಲದ ಕಡೆಗಳಲ್ಲಿ ಎಫ್10 ಕೀಲಿ ಒತ್ತಿದರೆ ಇದೇ ಮೆನುಗಳು ತೆರೆದುಕೊಳ್ಳುತ್ತವೆ, ಬಾಣದ ಕೀಲಿಗಳಿಂದ ಅವುಗಳಲ್ಲಿ ಓಡಾಡಬಹುದು.